ಕಡಲೆಂದು ಕರೆಸಿಕೊಂಡ ಸರೋವರ

ನಾನು ಹೈಸ್ಕೂಲಿನಲ್ಲಿದ್ದ ಕಾಲದಲ್ಲಿ ನಮ್ಮ ಮನೆಗೆ ಅಂಚೆಯಲ್ಲಿ ಬರುತ್ತಿದ್ದ ಸೋವಿಯತ್ ಪತ್ರಿಕೆಯ ನುಣುಪಾದ ಹಾಳೆಗಳು ಓದುವುದಕ್ಕಿಂತ ಹೆಚ್ಚಾಗಿ ಪಠ್ಯಪುಸ್ತಕಗಳಿಗೆ ಬೈಂಡು ಹಾಕುವುದಕ್ಕೆ ಉಪಯೋಗವಾಗುತ್ತಿದ್ದವು. ಒಂದು ವರ್ಷ ನನ್ನ ಭೂಗೋಳದ ಪುಸ್ತಕಕ್ಕೆ ಬಂದ ಹಾಳೆಯಲ್ಲಿ ಕಡುನೀಲಿಯ ನೀರು, ಅದರಾಚೆ ಹಿಮ ಹೊದ್ದ ಬೆಟ್ಟಸಾಲು. ಚಿತ್ರದ ಅಡಿಯಲ್ಲಿ ‘ಬೈಕಲ್’ ಎಂಬ ಒಂದೇ ಪದ. ವರ್ಷವಿಡೀ ಆ ನೀಲಿಯನ್ನು ಎದೆಗೊತ್ತಿಕೊಂಡು ಶಾಲೆಗೆ ನಡೆದೆ. ಆ ನೀಲಿ ನೀರಿನ ದಕ್ಷಿಣ ದಡದಲ್ಲಿ ಅದೇ ಹೊತ್ತಿಗೆ ಕಾಗದದ ತಿರುಳನ್ನು ಬೇಯಿಸುವ ಒಂದು ಕಾರ್ಖಾನೆ ಹೊಗೆಯುಗುಳುತ್ತಿತ್ತೆಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಅನಂತರ, ಈ ದೇಶಕ್ಕೆ ಬಂದು, ಮಕ್ಕಳನ್ನು ಶಾಲೆಗೆ ಕಳುಹಿಸಿದ ಮೇಲೆ ಉಳಿಯುತ್ತಿದ್ದ ಹೊತ್ತನ್ನು ಊರಿನ ಗ್ರಂಥಾಲಯದಲ್ಲಿ ಕಳೆಯತೊಡಗಿದಾಗ.

ನಮ್ಮ ಮನೆ ಮಿಷಿಗನ್ ಸರೋವರಕ್ಕೆ ಸಮೀಪ. ನಮ್ಮ ಅತ್ತೆಯವರು ಮೊದಲ ಸಲ ಇಲ್ಲಿಗೆ ಬಂದಾಗ ಅದರ ದಡಕ್ಕೆ ಕರೆದೊಯ್ದಿದ್ದೆವು. “ಇದನ್ನ ಕೆರೆ ಅಂತ ಹೇಗಮ್ಮಾ ಅನ್ನೋದು? ಆಚೆ ದಡವೇ ಕಾಣಿಸೋದಿಲ್ಲ, ಇದು ಸಮುದ್ರವೇ ಸರಿ” ಎಂದು ಬಾಗಿ ನೀರನ್ನು ತಲೆಗೆ ಪ್ರೋಕ್ಷಿಸಿಕೊಂಡರು. ನಮ್ಮ ಭಾಷೆಯಲ್ಲಿ ಕೆರೆಯೆಂದರೆ ಮನುಷ್ಯನು ಏರಿ ಕಟ್ಟಿ ನಿಲ್ಲಿಸಿದ ನೀರು. ಸರೋವರವೆಂಬುದು ಪುರಾಣಗಳಿಂದ ಇಳಿದು ಬಂದ ಪದ. ತಾನಾಗಿ ನಿಂತ ಮಹಾಜಲರಾಶಿಗೆ ದಿನಬಳಕೆಯ ಪದವನ್ನು ನಾವು ಮಾಡಿಕೊಂಡೇ ಇಲ್ಲ. ಮುಂದೊಂದು ದಿನ ಬೈಕಲ್ಲಿನ ಕುರಿತು ಓದುವಾಗ, ಅದರ ದಡದ ಜನರೂ ಅದನ್ನು ಸರೋವರವೆನ್ನದೆ ‘ಸಮುದ್ರ’ವೆಂದೇ ಕರೆಯುತ್ತಾರೆ, ಹಾಗಲ್ಲದೆ ಕರೆದರೆ ಅದು ಮುನಿದು ಬಿರುಗಾಳಿ ಎಬ್ಬಿಸುತ್ತದೆಂದು ನಂಬುತ್ತಾರೆ ಎಂಬ ಮಾತು ಕಣ್ಣಿಗೆ ಬಿತ್ತು. ಅತ್ತೆಯವರ ನೆನಪಾಯಿತು. ಬೈಕಲ್ಲನ್ನು ನಾನು ಕಣ್ಣಾರೆ ಕಂಡವಳಲ್ಲ; ಓದಿ ಕಂಡವಳು. ಪದವಿ ತರಗತಿಯಲ್ಲಿ ಇತಿಹಾಸವನ್ನು ಓದಿದ ಹಳೆಯ ಚಟವೇ ಈ ಲೇಖನಕ್ಕೆ ಕಾರಣ.

ಮೊದಲು ಅದರ ಗಾತ್ರವನ್ನು ನಮಗೆ ಪರಿಚಿತವಾದ ಅಳತೆಯಲ್ಲಿ ಹೇಳುತ್ತೇನೆ. ಮೇಲ್ಮೈಯನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ ಮಿಷಿಗನ್ ಸರೋವರ ಬೈಕಲ್ಲಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ದೊಡ್ಡದು. ಆದರೆ ಮಿಷಿಗನ್ನಿನ ಅತ್ಯಂತ ಆಳವಾದ ತಾಣ ೨೮೧ ಮೀಟರ್. ಬೈಕಲ್ಲಿನದು ೧೬೪೨ ಮೀಟರ್. ಜಗತ್ತಿನಲ್ಲಿ ಇಷ್ಟು ಆಳದ ಸರೋವರ ಇನ್ನೊಂದಿಲ್ಲ. ಅಮೆರಿಕದ ಐದು ಮಹಾಸರೋವರಗಳ ನೀರನ್ನೆಲ್ಲ ತಂದು ಸುರಿದರೂ ಬೈಕಲ್ಲಿನ ಪಾತ್ರ ತುಂಬಲಾರದು. ಭೂಮಿಯ ಮೇಲೆ ಹೆಪ್ಪುಗಟ್ಟದೆ ಹರಡಿರುವ ಸಿಹಿನೀರಿನಲ್ಲಿ ಐದನೆಯ ಒಂದು ಪಾಲು ಪೂರ್ವ ಸೈಬೀರಿಯದ ಈ ಒಂದೇ ಕಮರಿಯಲ್ಲಿದೆ. ಉದ್ದ ಸುಮಾರು ೬೩೬ ಕಿಲೋಮೀಟರ್. ಅಗಲ ಎಲ್ಲಿಯೂ ೮೦ ಕಿಲೋಮೀಟರನ್ನು ಮುಟ್ಟುವುದಿಲ್ಲ. ನಕ್ಷೆಯಲ್ಲಿ ನೋಡಿದರೆ ಮೂರನೆಯ ದಿನದ ಚಂದ್ರನಂತೆ ಬಾಗಿದೆ.

ಕಮರಿ ಎಂದೆನಷ್ಟೆ. ಬೈಕಲ್ ನಿಂತಿರುವುದು ಭೂಮಿಯ ಹೊರಚಿಪ್ಪು ಬಿರಿದು ಅಗಲುತ್ತಿರುವ ಸೀಳಿನಲ್ಲಿ. ಈ ಬಿರಿತ ಆರಂಭವಾಗಿ ಎರಡೂವರೆಯಿಂದ ಮೂರು ಕೋಟಿ ವರ್ಷಗಳಾಗಿವೆ. ಇಂದಿಗೂ ವರ್ಷಕ್ಕೆ ಕೆಲವು ಮಿಲಿಮೀಟರ್‌ಗಳಷ್ಟು ಅಗಲುತ್ತಲೇ ಇದೆ. ಇಲ್ಲಿನ ಮಹಾಸರೋವರಗಳು ಹಿಮಯುಗ ಕೊನೆಗೊಂಡಾಗ ಹುಟ್ಟಿದವು, ಅವುಗಳ ವಯಸ್ಸನ್ನು ಸಾವಿರಗಳಲ್ಲಿ ಎಣಿಸಬಹುದು. ಬೈಕಲ್ಲಿನ ಮುಂದೆ ಇವು ನಿನ್ನೆಯ ಕೂಸುಗಳು. ಅದರ ತಳದಲ್ಲಿ ಕುಳಿತಿರುವ ಹೂಳೇ ಏಳು ಕಿಲೋಮೀಟರ್‌ಗಳಷ್ಟು ದಪ್ಪವಾಗಿದೆಯೆಂದರೆ ಕಾಲದ ಅಂದಾಜು ಸಿಕ್ಕೀತು. ಸೀಳು ಸುಮ್ಮನಿರುವುದಿಲ್ಲ ಎಂಬುದಕ್ಕೆ ಒಂದು ಸಾಕ್ಷಿ ೧೮೬೨ರ ಜನವರಿಯದು. ಆಗ ನಡೆದ ಭೂಕಂಪದಲ್ಲಿ ಸೆಲೆಂಗಾ ನದಿಯ ಮುಖದ ಬಳಿ ಸುಮಾರು ೨೦೦ ಚದರ ಕಿಲೋಮೀಟರಿನಷ್ಟು ಹುಲ್ಲುಗಾವಲು ಬುರ್ಯಾತ್ ದನಗಾಹಿಗಳ ಬಿಡಾರಗಳ ಸಮೇತ ಕುಸಿಯಿತು, ಸರೋವರ ಅದರ ಮೇಲೆ ಹರಿದು ಬಂದಿತು. ಆ ಕೊಲ್ಲಿಗೆ ರಷ್ಯನ್ ಭಾಷೆಯಲ್ಲಿ ‘ಪ್ರೊವಾಲ್’, ಎಂದರೆ ಕುಸಿತ, ಎಂದೇ ಹೆಸರು.

ಮುನ್ನೂರಕ್ಕೂ ಹೆಚ್ಚು ಹೊಳೆಗಳು ಬೈಕಲ್ಲಿಗೆ ಇಳಿಯುತ್ತವೆ. ಮಂಗೋಲಿಯದಿಂದ ಬರುವ ಸೆಲೆಂಗಾ ಒಂದೇ ಅರ್ಧದಷ್ಟು ನೀರನ್ನು ತರುತ್ತದೆ. ಹೊರಟು ಹೋಗುವುದು ಮಾತ್ರ ಒಂದೇ ನದಿ, ಅಂಗಾರಾ. ಬುರ್ಯಾತರ ಕಥೆಯಲ್ಲಿ ಬೈಕಲ್ ಒಬ್ಬ ಮುದುಕ. ನದಿಗಳೆಲ್ಲ ಅವನ ಗಂಡುಮಕ್ಕಳು, ಅಂಗಾರಾ ಒಬ್ಬಳೇ ಮಗಳು. ಅವಳು ದೂರದ ಯೆನಿಸೇಯನ್ನು ಮೆಚ್ಚಿ, ತಂದೆ ನಿದ್ರಿಸುತ್ತಿದ್ದಾಗ ಹೊರಟುಬಿಟ್ಟಳು. ಎಚ್ಚರಗೊಂಡ ತಂದೆ ಸಿಟ್ಟಿನಿಂದ ಅವಳ ದಾರಿಗಡ್ಡವಾಗಿ ಒಂದು ಬಂಡೆಯನ್ನೆಸೆದ. ಅಂಗಾರಾ ಹೊರಡುವ ಬಾಯಿಯಲ್ಲಿ ಇಂದಿಗೂ ನೀರಿನ ಮೇಲೆ ತಲೆಯೆತ್ತಿರುವ ಶಾಮನ ಬಂಡೆಯೇ ಅದು. ಮಗಳಂತೂ ನಿಲ್ಲಲಿಲ್ಲ, ಯೆನಿಸೇಯನ್ನು ಕೂಡಿ ಆರ್ಕ್‌ಟಿಕ್ ಸಾಗರಕ್ಕೆ ಹರಿದಳು. ಈ ಬಂಡೆಯನ್ನು ನೆನಪಿನಲ್ಲಿಡಬೇಕು, ಅದರ ಪ್ರಸ್ತಾಪ ಮತ್ತೊಮ್ಮೆ ಬರುತ್ತದೆ.

ಇಷ್ಟು ದೀರ್ಘಕಾಲ ಒಂದೇ ಕಡೆ ನಿಂತ ನೀರಿನಲ್ಲಿ ಜೀವಸೃಷ್ಟಿ ತನ್ನದೇ ದಾರಿ ಹಿಡಿದದ್ದು ಆಶ್ಚರ್ಯವಲ್ಲ. ಎರಡೂವರೆ ಸಾವಿರಕ್ಕೂ ಹೆಚ್ಚು ಬಗೆಯ ಪ್ರಾಣಿಗಳನ್ನು ಇಲ್ಲಿ ಗುರುತಿಸಲಾಗಿದೆ, ಅವುಗಳಲ್ಲಿ ಬಹುಪಾಲು ಬೇರೆಲ್ಲಿಯೂ ಇಲ್ಲ. ಸಾಗರದಿಂದ ಸಾವಿರಾರು ಕಿಲೋಮೀಟರ್ ದೂರದ ಈ ಸಿಹಿನೀರಿನಲ್ಲಿ ‘ನೆರ್ಪಾ’ ಎಂಬ ಸೀಲ್ ಪ್ರಾಣಿ ವಾಸಿಸುತ್ತದೆ. ಅದು ಇಲ್ಲಿಗೆ ಹೇಗೆ ಬಂದಿತೆಂಬ ವಾದ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ. ಚಳಿಗಾಲದಲ್ಲಿ ಮೀಟರ್ ದಪ್ಪದ ಮಂಜುಗಡ್ಡೆಯ ಕೆಳಗೆ ಬದುಕುತ್ತ, ಉಸಿರಾಟದ ಕಂಡಿಗಳು ಮುಚ್ಚಿಹೋಗದಂತೆ ಉಗುರಿನಿಂದ ಕೆರೆದು ಕಾಪಾಡಿಕೊಳ್ಳುತ್ತದೆ. ಗೊಲೊಮ್ಯಾಂಕಾ ಎಂಬ ಮೀನಿದೆ. ಅದರ ಮೈ ಪಾರದರ್ಶಕ, ಮೂರನೆಯ ಒಂದು ಪಾಲು ಕೊಬ್ಬು, ಮೊಟ್ಟೆಯಿಡದೆ ಮರಿಹಾಕುತ್ತದೆ.

ಆದರೆ ಇವೆಲ್ಲಕ್ಕಿಂತ ಮುಖ್ಯವಾದ ಜೀವಿಯೊಂದಿದೆ, ಅದನ್ನು ಪ್ರವಾಸಿಗಳಾರೂ ನೋಡಲು ಬಂದದ್ದಿಲ್ಲ. ಅದು ಎಪಿಶುರಾ, ಸೀಗಡಿಯ ದೂರದ ಸಂಬಂಧಿ, ಉದ್ದ ಸುಮಾರು ಒಂದೂವರೆ ಮಿಲಿಮೀಟರ್, ಎಂದರೆ ರವೆಯ ಒಂದು ಕಾಳಿನಷ್ಟು. ಬೈಕಲ್ಲಿನ ನೀರಿನಲ್ಲಿ ತೇಲುವ ಸೂಕ್ಷ್ಮಪ್ರಾಣಿಗಳ ಒಟ್ಟು ತೂಕದಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಸಾಮಾನ್ಯವಾಗಿ ಇದರದೇ. ಅದು ಹೊಟ್ಟೆಪಾಡಿಗಾಗಿ ನೀರನ್ನು ಸೋಸುತ್ತದೆ. ಪಾಚಿಯ ಕಣಗಳನ್ನು ತಿಂದು ನೀರನ್ನು ಬಿಡುತ್ತದೆ. ನಲವತ್ತು ಮೀಟರ್ ಆಳದವರೆಗೆ ಕಣ್ಣು ಹರಿಯುವಷ್ಟು ಬೈಕಲ್ ತಿಳಿಯಾಗಿರುವುದರಲ್ಲಿ ಲೆಕ್ಕವಿಲ್ಲದಷ್ಟು ಸಂಖ್ಯೆಯ ಈ ಅಲ್ಪಜೀವಿಗಳ ಪಾಲು ದೊಡ್ಡದು. ಅವಕ್ಕೆ ತಣ್ಣನೆಯ ನೀರು ಬೇಕು, ಶುದ್ಧವಾದ ನೀರು ಬೇಕು. ಬೈಕಲ್ಲಿನ ಆಧುನಿಕ ಇತಿಹಾಸವೆಲ್ಲ ಒಂದು ತಪ್ಪು ತಿಳಿವಳಿಕೆಯ ಸುತ್ತ ನಡೆದಿದೆಯೆಂದು ನನಗೆ ತೋರುತ್ತದೆ: ಸರೋವರ ಬಹಳ ದೊಡ್ಡದು, ಆದ್ದರಿಂದ ಏನನ್ನು ಸುರಿದರೂ ತಡೆದುಕೊಳ್ಳುತ್ತದೆ ಎಂಬುದೇ ಆ ತಿಳಿವಳಿಕೆ. ಅದು ಶುದ್ಧವಾಗಿದ್ದುದು ಕೇವಲ ದೊಡ್ಡದಾಗಿದ್ದುದರಿಂದಲ್ಲ.

ಇನ್ನು ಮನುಷ್ಯರ ಕಥೆ. ಚೀನೀ ಇತಿಹಾಸಕಾರರು ‘ಉತ್ತರ ಸಮುದ್ರ’ವೆಂದು ಕರೆದದ್ದು ಬೈಕಲ್ಲನ್ನೇ ಎಂದು ಪರಂಪರೆಯ ಅಭಿಪ್ರಾಯ. ಕ್ರಿಸ್ತಪೂರ್ವ ೧೦೦ರಲ್ಲಿ ಹಾನ್ ಚಕ್ರವರ್ತಿಯ ರಾಯಭಾರಿಯಾಗಿ ಹೋದ ಸೂ ವೂ ಎಂಬಾತನನ್ನು ಶಿಯೋಂಗ್ನು ಅರಸರು ಸೆರೆಹಿಡಿದು ಅದರ ದಡದಲ್ಲಿ ಕುರಿ ಕಾಯಲು ಬಿಟ್ಟರಂತೆ. ಟಗರುಗಳು ಹಾಲು ಕೊಟ್ಟ ದಿನ ನಿನ್ನ ಬಿಡುಗಡೆ ಎಂಬುದು ಷರತ್ತು. ಹತ್ತೊಂಬತ್ತು ವರ್ಷಗಳ ಮೇಲೆ ಆತ ಸ್ವದೇಶಕ್ಕೆ ಮರಳಿದಾಗ ತಲೆ ಬೆಳ್ಳಗಾಗಿತ್ತು. ಬೈಕಲ್ ಸೆರೆಯವರ, ಗಡಿಪಾರಾದವರ ನೆಲೆಯಾಗಿ ಇತಿಹಾಸಕ್ಕೆ ಬಂದದ್ದು ಹೀಗೆ ಎರಡು ಸಾವಿರ ವರ್ಷಗಳ ಹಿಂದೆಯೇ.

ದಡದ ನಿಜವಾದ ಒಡೆಯರು ಬೇಟೆಗಾರರಾದ ಎವೆಂಕರು ಮತ್ತು ಮಂಗೋಲ್ ಮೂಲದ ದನಗಾಹಿಗಳಾದ ಬುರ್ಯಾತರು. ಒಲ್ಖೋನ್ ದ್ವೀಪದ ಬಿಳಿಬಂಡೆ ಅವರಿಗೆ ಪರಮಪವಿತ್ರ; ಅಲ್ಲಿಗೆ ಹೋದವರು ಕಂಬಗಳಿಗೆ ಬಣ್ಣದ ಬಟ್ಟೆಪಟ್ಟಿ ಕಟ್ಟುತ್ತಾರೆ, ಭೂಮಿಗೂ ನೀರಿಗೂ ಹಾಲನ್ನು ಚಿಮುಕಿಸುತ್ತಾರೆ. ಸರೋವರದ ಪೂರ್ವಕ್ಕಿರುವ ಬುರ್ಯಾತರಲ್ಲಿ ಬೌದ್ಧಧರ್ಮ ಮಂಗೋಲಿಯ ಮತ್ತು ಟಿಬೆಟ್ಟಿನಿಂದ ಬಂದು ನೆಲೆಸಿತು. ೧೭೪೧ರಲ್ಲಿ ರಷ್ಯದ ಸಾಮ್ರಾಜ್ಞಿ ಎಲಿಜಬೆತ್ ಅದಕ್ಕೆ ಮಾನ್ಯತೆಯಿತ್ತಳು. ಇಲ್ಲಿ ನಮ್ಮ ನಾಡಿಗೊಂದು ಎಳೆ ಸಿಗುತ್ತದೆ. ಬುರ್ಯಾತ್ ಲಾಮಾಗಳು ಉನ್ನತ ವ್ಯಾಸಂಗಕ್ಕೆ ತಿಂಗಳುಗಟ್ಟಲೆ ಪಯಣಿಸಿ ಲ್ಹಾಸಾದ ದ್ರೆಪುಂಗ್ ಮಠದ ಗೋಮಾಂಗ್ ವಿದ್ಯಾಲಯಕ್ಕೆ ಹೋಗುತ್ತಿದ್ದರು. ಹದಿಮೂರನೆಯ ದಲೈ ಲಾಮಾರ ಗುರುಗಳಲ್ಲೊಬ್ಬನಾದ ಬುರ್ಯಾತ್ ಲಾಮಾ ಅಗ್ವಾನ್ ದೊರ್ಜಿಯೆವ್ ಅಲ್ಲಿಯೇ ಓದಿದವನು. ಮುಂದೆ ಆತ ೧೯೩೮ರಲ್ಲಿ ಸ್ಟಾಲಿನ್ ಆಡಳಿತದ ಬಂಧನದಲ್ಲಿ ತೀರಿಕೊಂಡ; ಆ ದಶಕ ಮುಗಿಯುವುದರೊಳಗೆ ಬುರ್ಯಾತ್ ನಾಡಿನ ಬೌದ್ಧವಿಹಾರಗಳೆಲ್ಲ ಮುಚ್ಚಿದ್ದವು. ೧೯೫೯ರ ಬಳಿಕ ಟಿಬೆಟ್ಟನ್ನು ತೊರೆದು ಬಂದ ಭಿಕ್ಷುಗಳು ಆ ದ್ರೆಪುಂಗ್ ಮಠವನ್ನು ಗೋಮಾಂಗ್ ವಿದ್ಯಾಲಯದೊಡನೆ ಮತ್ತೆ ಕಟ್ಟಿದ್ದು ಎಲ್ಲಿ ಬಲ್ಲಿರಾ? ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡಿನಲ್ಲಿ. ಸೋವಿಯತ್ ಒಕ್ಕೂಟ ಒಡೆದ ಮೇಲೆ ಬೈಕಲ್ಲಿನ ಕಡೆಯ ತರುಣರು ಹಿಂದಿನವರಂತೆಯೇ ತಮ್ಮ ಗೋಮಾಂಗನ್ನು ಹುಡುಕಿಕೊಂಡು ಮುಂಡಗೋಡಿಗೆ ಬಂದರು.

ರಷ್ಯನ್ನರು ಬೈಕಲ್ಲನ್ನು ಕಂಡದ್ದು ೧೬೪೩ರಲ್ಲಿ. ಕುರ್ಬಾತ್ ಇವಾನೊವ್ ಎಂಬ ಕೊಸ್ಸಾಕನ ತಂಡ ತುಪ್ಪುಳದ ಆಸೆಯಿಂದ ಬಂದಿತು. ಕೋಟೆಗಳು, ಕಪ್ಪಕಾಣಿಕೆ, ಚೀನಾದೊಡನೆ ಚಹಾ ವ್ಯಾಪಾರ, ಇವೆಲ್ಲ ಒಂದರ ಹಿಂದೊಂದು ಬಂದವು. ಆ ಮೇಲಿನ ಕಥೆಯಲ್ಲಿ ನನ್ನ ಮನಸ್ಸು ಬಹಳ ಹೊತ್ತು ನಿಂತದ್ದು ಗಡಿಪಾರಾದವರ ಬಳಿ. ೧೮೨೫ರ ಡಿಸೆಂಬರಿನಲ್ಲಿ ಪೀಟರ್ಸ್‌ಬರ್ಗಿನಲ್ಲಿ ಜಾರ್ ಚಕ್ರವರ್ತಿಯ ವಿರುದ್ಧ ದಂಗೆಯೆದ್ದು ಸೋತ ಕುಲೀನ ತರುಣರನ್ನು ಬೈಕಲ್ಲಿನಾಚೆಯ ಗಣಿಗಳಿಗೆ ಅಟ್ಟಲಾಯಿತು. ಅವರ ಪತ್ನಿಯರಲ್ಲಿ ಕೆಲವರು ಹಿಂದೆಯೇ ಹೊರಟರು. ರಾಜಕುಮಾರಿ ಯೆಕತೆರೀನಾ ತ್ರುಬೆತ್ಸ್ಕಾಯಾ ಮೊದಲಿಗಳು. ಮರೀಯಾ ವೊಲ್ಕೊನ್ಸ್ಕಾಯಾ ಇನ್ನೂ ಇಪ್ಪತ್ತೊಂದರ ಆಸುಪಾಸಿನವಳು, ಮಡಿಲಲ್ಲಿ ಒಂದು ವರ್ಷದ ಗಂಡುಮಗು. ಮಗುವನ್ನು ಕರೆದೊಯ್ಯಲು ಅಪ್ಪಣೆಯಿರಲಿಲ್ಲ; ಗಂಡನ ಮನೆಯವರ ಬಳಿ ಬಿಟ್ಟು ಹೊರಟಳು. ಇರ್ಕುಟ್ಸ್ಕ್ ನಗರದಲ್ಲಿ ಅಧಿಕಾರಿಗಳು ಈ ಹೆಂಗಸರ ಮುಂದೆ ಒಂದು ಕಾಗದವನ್ನಿಡುತ್ತಿದ್ದರು: ಮನೆತನದ ಹಕ್ಕುಗಳನ್ನೆಲ್ಲ ಬಿಟ್ಟಿದ್ದೇನೆ, ಸೈಬೀರಿಯದಲ್ಲಿ ಹುಟ್ಟುವ ಮಕ್ಕಳು ಸರಕಾರದ ಜೀತದ ರೈತರಾದರೂ ಒಪ್ಪಿಗೆ ಎಂಬುದಾಗಿ. ಮರೀಯಾ ಸಹಿ ಹಾಕಿ, ಹೆಪ್ಪುಗಟ್ಟಿದ ಬೈಕಲ್ಲನ್ನು ಜಾರುಬಂಡಿಯಲ್ಲಿ ದಾಟಿದಳು. ಬಿಟ್ಟುಬಂದ ಮಗು ೧೮೨೮ರಲ್ಲಿ ತೀರಿಕೊಂಡಿತು. ಇತಿಹಾಸದ ಪುಸ್ತಕಗಳು ಇದನ್ನು ಪತಿಭಕ್ತಿಯ ಆದರ್ಶವೆಂದು ಹೊಗಳುತ್ತವೆ. ನನಗೆ ಹಾಗೆ ಹೊಗಳಿ ಮುಂದೆ ಹೋಗಲು ಆಗಲಿಲ್ಲ. ಆ ಮಂಜುಗಡ್ಡೆಯ ಮೇಲೆ ಆಕೆ ಹಿಂದಿರುಗಿ ನೋಡಿರಬಹುದೇ ಎಂಬ ಯೋಚನೆಯಲ್ಲಿ ಆ ದಿನ ಪುಸ್ತಕವನ್ನು ಮುಚ್ಚಿಟ್ಟೆ.

ಇನ್ನೊಬ್ಬ ಗಡಿಪಾರಾದವನು ಬೆನೆಡಿಕ್ಟ್ ದಿಬೊವ್ಸ್ಕಿ. ಪೋಲೆಂಡಿನ ಪ್ರಾಣಿಶಾಸ್ತ್ರದ ಅಧ್ಯಾಪಕ. ೧೮೬೩ರಲ್ಲಿ ರಷ್ಯದ ವಿರುದ್ಧ ಪೋಲರು ನಡೆಸಿದ ದಂಗೆಯಲ್ಲಿ ಪಾಲ್ಗೊಂಡು ಸೈಬೀರಿಯಕ್ಕೆ ಬಂದವನು. ಬೈಕಲ್ಲಿನಲ್ಲಿ ಜೀವಿಗಳು ವಿರಳವೆಂಬುದು ಅಲ್ಲಿಯವರೆಗಿನ ಅಭಿಪ್ರಾಯ. ದಿಬೊವ್ಸ್ಕಿ ತನ್ನಂತೆಯೇ ಗಡಿಪಾರಾಗಿದ್ದ ಗೊಡ್ಲೆವ್ಸ್ಕಿಯೊಡನೆ ದಕ್ಷಿಣ ತುದಿಯ ಕುಲ್ತುಕ್ ಗ್ರಾಮದಲ್ಲಿ ನೆಲೆಸಿ, ಚಳಿಗಾಲದಲ್ಲಿ ಮಂಜುಗಡ್ಡೆ ಕೊರೆದು ಹಗ್ಗ ಬಿಟ್ಟು ಆಳವನ್ನು ಅಳೆದ, ತಳದ ಜೀವಿಗಳನ್ನು ಮೇಲೆತ್ತಿದ. ಸೀಗಡಿಯ ಬಳಗಕ್ಕೆ ಸೇರಿದ ಗಮರಿಡ್ ಎಂಬ ಜೀವಿಗಳಲ್ಲೇ ನೂರರಷ್ಟು ಹೊಸ ಬಗೆಗಳನ್ನು ಆತ ವರ್ಣಿಸಿದ. ಸೆರೆಯಾಳಿನ ಕೈಗೆ ಸಿಕ್ಕಿದ್ದು ಒಂದು ಕೊಡಲಿ, ಒಂದು ಹಗ್ಗ, ಮತ್ತು ಬೇಕಾದಷ್ಟು ಸಮಯ. ಬೈಕಲ್ ವಿಜ್ಞಾನ ಅಷ್ಟರಿಂದಲೇ ಹುಟ್ಟಿತು.

ರೈಲಿನ ಕಥೆಯನ್ನು ಸಂಕ್ಷಿಪ್ತವಾಗಿ ಹೇಳಿಬಿಡುತ್ತೇನೆ. ಸೈಬೀರಿಯದ ಮಹಾರೈಲುಮಾರ್ಗ ಬೈಕಲ್ಲಿನ ಬಳಿ ಬಂದು ತಡೆಯಿತು. ಇಂಗ್ಲೆಂಡಿನಲ್ಲಿ ಕಟ್ಟಿ, ಬಿಡಿಭಾಗಗಳಾಗಿ ಸಾಗಿಸಿ ತಂದ ಹಡಗೊಂದು ೧೯೦೦ರಿಂದ ರೈಲುಡಬ್ಬಿಗಳನ್ನೇ ಹೊತ್ತು ದಾಟಿಸತೊಡಗಿತು. ೧೯೦೪ರಲ್ಲಿ ಜಪಾನಿನೊಡನೆ ಯುದ್ಧ ಹೊತ್ತಿದಾಗ ಚಳಿಗಾಲ. ಹಡಗು ಮಂಜನ್ನು ಒಡೆಯಲಾರದೆ ನಿಂತಿತು. ಮಂಜುಗಡ್ಡೆಯ ಮೇಲೆಯೇ ಹಳಿ ಹಾಸಿದರು. ಪರೀಕ್ಷೆಗೆ ಬಿಟ್ಟ ಎಂಜಿನ್ ಮಂಜನ್ನೊಡೆದು ಮುಳುಗಿತು. ಅನಂತರ ಡಬ್ಬಿಗಳನ್ನು ಒಂದೊಂದಾಗಿ ಕುದುರೆಗಳಿಂದ ಎಳೆಸಿ ದಾಟಿಸಿದರು. ಬೈಕಲ್ಲನ್ನು ಬಳಸಿ ಬಂಡೆ ಕೊರೆದು ಮಾಡಿದ ಮಾರ್ಗ ಸಿದ್ಧವಾದದ್ದು ಅದಾದ ಮೇಲೆ.

ಇಷ್ಟರವರೆಗೆ ಮನುಷ್ಯನು ಬೈಕಲ್ಲನ್ನು ದಾಟಲು ಹವಣಿಸಿದ. ಸೋವಿಯತ್ ಕಾಲದಲ್ಲಿ ಅದನ್ನು ದುಡಿಸಲು ಹೊರಟ. ೧೯೫೬ರಲ್ಲಿ ಇರ್ಕುಟ್ಸ್ಕಿನ ಬಳಿ ಅಂಗಾರಾಕ್ಕೆ ಅಣೆಕಟ್ಟು ಬಂದು, ಕೆಲವೇ ವರ್ಷಗಳಲ್ಲಿ ಇಡೀ ಬೈಕಲ್ಲಿನ ಮಟ್ಟ ಸುಮಾರು ಒಂದು ಮೀಟರ್ ಏರಿತು. ಶಾಮನ ಬಂಡೆಯ ಬಹುಭಾಗ ಮುಳುಗಿ ನೆತ್ತಿ ಮಾತ್ರ ಉಳಿಯಿತು. ಅಷ್ಟೇ ಸಾಲದೆಂದು, ವಿದ್ಯುತ್ತಿಗೆ ಇನ್ನಷ್ಟು ನೀರು ಬೇಗ ಹರಿದುಬರಲಿ ಎಂದು, ಆ ಬಂಡೆಯಿರುವ ಅಂಗಾರಾದ ಬಾಯಿಯನ್ನೇ ಸಿಡಿಮದ್ದಿನಿಂದ ಸಿಡಿಸಿ ಆಳಗೊಳಿಸುವ ಯೋಜನೆಯೊಂದನ್ನು ೧೯೫೮ರಲ್ಲಿ ಎಂಜಿನಿಯರರು ಮುಂದಿಟ್ಟರು. ಸರೋವರ ವಿಜ್ಞಾನಿ ಗ್ರಿಗೋರಿ ಗಲಾಜಿ ಮೊದಲಾದವರು ಪತ್ರಿಕೆಗಳಲ್ಲಿ ಬಹಿರಂಗವಾಗಿ ವಿರೋಧಿಸಿದರು. ಯೋಜನೆ ನಿಂತಿತು. ಮಗಳನ್ನು ತಡೆಯಲು ತಂದೆಯೆಸೆದ ಬಂಡೆ ಹೀಗೆ ಉಳಿಯಿತು.

ಕಾರ್ಖಾನೆ ಮಾತ್ರ ನಿಲ್ಲಲಿಲ್ಲ. ವಿಮಾನಗಳ ಟೈರುಗಳಿಗೆ ಬೇಕಾದ ಗಟ್ಟಿ ನೂಲಿಗೆ ಅತಿಶುದ್ಧವಾದ ಸೆಲ್ಯುಲೋಸ್ ಬೇಕು, ಅದಕ್ಕೆ ಅತಿಶುದ್ಧವಾದ ನೀರು ಬೇಕು, ಆದ್ದರಿಂದ ಕಾರ್ಖಾನೆ ಬೈಕಲ್ಲಿನ ದಡದಲ್ಲೇ ಆಗಬೇಕು, ಇದು ತರ್ಕ. ನೀರು ಶುದ್ಧವಾಗಿದೆಯೆಂಬುದೇ ಅದನ್ನು ಕೆಡಿಸಲು ಕಾರಣವಾಯಿತು. ಎದುರು ಮಾತನಾಡುವುದು ಅಪಾಯಕರವಾಗಿದ್ದ ದೇಶದಲ್ಲಿ ಈ ಒಂದು ವಿಷಯಕ್ಕೆ ವಿಜ್ಞಾನಿಗಳು, ಲೇಖಕರು ದನಿಯೆತ್ತಿದರು. ೧೯೬೬ರ ಪಕ್ಷದ ಮಹಾಧಿವೇಶನದಲ್ಲಿ ಸ್ವತಃ ಶೊಲೊಖೊವ್ ಬೈಕಲ್ಲಿನ ಬಗ್ಗೆ ಮಾತನಾಡಿದರು. ಇಷ್ಟು ದೊಡ್ಡ ಜಲರಾಶಿಯಲ್ಲಿ ಕಾರ್ಖಾನೆಯ ನೀರು ಲೆಕ್ಕಕ್ಕೇ ಬಾರದು ಎಂಬುದು ಸರಕಾರದ ಪಕ್ಷದವರ ವಾದ. ಸರೋವರವನ್ನು ಸೋಸುವುದು ರವೆಕಾಳಿನಷ್ಟರ ಜೀವಿಯೆಂಬುದನ್ನು ಮರೆಯಬೇಡಿ ಎಂಬುದು ವಿಜ್ಞಾನಿಗಳ ಉತ್ತರ. ಅದೇ ವರ್ಷ ಕಾರ್ಖಾನೆ ಆರಂಭವಾಯಿತು. ಅಷ್ಟರೊಳಗೆ ಟೈರಿಗೆ ಬೇರೆ ನೂಲುಗಳು ಬಂದಿದ್ದವೆಂದೂ ಮೂಲ ಕಾರಣವೇ ಇಲ್ಲವಾಗಿತ್ತೆಂದೂ ಹೇಳುತ್ತಾರೆ. ನನ್ನ ಭೂಗೋಳದ ಪುಸ್ತಕದ ಹೊದಿಕೆಯಲ್ಲಿ ಇದಾವುದೂ ಇರಲಿಲ್ಲ.

ಬೈಕಲ್ಲಿಗೆ ೧೯೯೬ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಮನ್ನಣೆ ದೊರೆತಾಗಲೂ ಕಾರ್ಖಾನೆ ನಡೆಯುತ್ತಿತ್ತು. ೨೦೦೬ರಲ್ಲಿ ತೈಲದ ಕೊಳವೆಮಾರ್ಗವನ್ನು ಸರೋವರದ ಅಂಚಿನಲ್ಲಿಯೇ ಒಯ್ಯುವ ಯೋಜನೆಯ ವಿರುದ್ಧ ಇರ್ಕುಟ್ಸ್ಕಿನಲ್ಲಿ ಸಾವಿರಾರು ಜನ ಬೀದಿಗಿಳಿದರು. ಮಾರ್ಗವನ್ನು ಉತ್ತರಕ್ಕೆ ಸರಿಸಬೇಕಾಯಿತು. ಕಾರ್ಖಾನೆ ಕಡೆಗೂ ಮುಚ್ಚಿದ್ದು ೨೦೧೩ರಲ್ಲಿ. ನಲವತ್ತೇಳು ವರ್ಷಗಳ ಕೆಸರು, ಲಕ್ಷಗಟ್ಟಲೆ ಟನ್ನುಗಳಷ್ಟು, ದಡದ ಮೇಲಣ ಹೊಂಡಗಳಲ್ಲಿ ಉಳಿಯಿತು. ಅದನ್ನೇ ನಂಬಿ ಬದುಕಿದ್ದ ಊರಿನವರ ಕೆಲಸ ಹೋಯಿತು. ಅವರ ಪಾಲಿಗೆ ಇದು ಗೆಲುವಾಗಿರಲಿಲ್ಲ ಎಂಬುದನ್ನೂ ಹೇಳಬೇಕು.

ಕೊನೆಯದಾಗಿ ಒಂದು ಮನೆತನದ ಕಥೆ. ಸರೋವರದ ಪಶ್ಚಿಮ ದಡದಲ್ಲಿ ಬೊಲ್ಶಿಯೆ ಕೋತಿ ಎಂಬ ಪುಟ್ಟ ಹಳ್ಳಿಯಿದೆ. ರಷ್ಯನ್ನರ ಕಿವಿಗೆ ಅದು ‘ದೊಡ್ಡ ಬೆಕ್ಕುಗಳು’. ನಮ್ಮ ಕಿವಿಗೆ ಬೇರೊಂದು ಪ್ರಾಣಿ, ಇರಲಿ. ಇರ್ಕುಟ್ಸ್ಕ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಿಖಾಯಿಲ್ ಕೊಜೊವ್ ಯುದ್ಧ ಮುಗಿಯುತ್ತಿದ್ದಂತೆಯೇ ಅಲ್ಲಿಂದ ದೋಣಿಯಲ್ಲಿ ಹೋಗಿ, ಏಳರಿಂದ ಹತ್ತು ದಿನಗಳಿಗೊಮ್ಮೆ, ಒಂದೇ ಜಾಗದಲ್ಲಿ ನೀರಿನ ಉಷ್ಣತೆಯನ್ನೂ ತಿಳಿತನವನ್ನೂ ಅಳೆದು, ಅದರಲ್ಲಿನ ಸೂಕ್ಷ್ಮಜೀವಿಗಳನ್ನು ಎಣಿಸುವ ಕೆಲಸವನ್ನು ಆರಂಭಿಸಿದರು. ಚಳಿಗಾಲದಲ್ಲಿ ಮಂಜು ಕೊರೆದು ಅದೇ ಕೆಲಸ. ಕಾರ್ಖಾನೆಯನ್ನು ವಿರೋಧಿಸಿದವರಲ್ಲಿ ಅವರೂ ಒಬ್ಬರು. ೧೯೬೮ರಲ್ಲಿ ಅವರು ತೀರಿಕೊಂಡ ಮೇಲೆ ಮಗಳು ಓಲ್ಗಾ ಕೊಜೊವಾ ಅದನ್ನು ಮುಂದುವರಿಸಿದರು. ೨೦೦೦ದಲ್ಲಿ ಓಲ್ಗಾ ತೀರಿಕೊಂಡ ಮೇಲೆ ಆಕೆಯ ಮಗಳು ಲ್ಯುಬೋವ್ ಇಜ್ಮೆಸ್ತ್ಯೆವಾ. ಸ್ಟಾಲಿನ್ ಹೋದ, ಒಕ್ಕೂಟವೇ ಒಡೆಯಿತು, ಸಂಬಳಕ್ಕೆ ಹಣವಿಲ್ಲದ ವರ್ಷಗಳು ಬಂದವು. ಎಣಿಕೆಯ ಪುಸ್ತಕ ನಿಲ್ಲಲಿಲ್ಲ.

ಆ ಅರುವತ್ತು ವರ್ಷಗಳ ಲೆಕ್ಕವನ್ನು ಇಜ್ಮೆಸ್ತ್ಯೆವಾ ಅಮೆರಿಕದ ವಿಜ್ಞಾನಿಗಳೊಡನೆ ಸೇರಿ ೨೦೦೮ರಲ್ಲಿ ಪ್ರಕಟಿಸಿದರು. ಇಷ್ಟು ದೊಡ್ಡದಾದ, ಇಷ್ಟು ತಣ್ಣನೆಯ ಬೈಕಲ್ ಹವಾಮಾನದ ಏರುಪೇರಿಗೆ ಬೇಗ ಬಗ್ಗಲಾರದು ಎಂದು ಹಲವರು ತಿಳಿದಿದ್ದರು. ೧೯೪೬ರಿಂದ ಈಚೆಗೆ ಅದರ ಮೇಲ್ನೀರು ೧.೨ ಡಿಗ್ರಿಯಷ್ಟು ಬೆಚ್ಚಗಾಗಿತ್ತು. ಬೆಚ್ಚಗಿನ ನೀರನ್ನು ಬಯಸುವ ಬೇರೊಂದು ಸೂಕ್ಷ್ಮಜೀವಿಯ ಸಂಖ್ಯೆ ನಾಲ್ಕು ಪಟ್ಟನ್ನು ಮೀರಿತ್ತು. ಅದರ ಮುಂದಿನ ವರ್ಷಗಳಲ್ಲಿ ದಡದ ಆಳವಿಲ್ಲದ ನೀರಿನಲ್ಲಿ, ಊರುಗಳ ಕೊಳಚೆ ಸೇರುವ ಕಡೆಗಳಲ್ಲಿ, ಹಿಂದೆ ಕಾಣದಿದ್ದ ಹಸಿರು ಪಾಚಿಯ ರಾಶಿ ಕಾಣಿಸಿತು. ತಳದ ಬಂಡೆಗಳಿಗೆ ಅಂಟಿ ಬೆಳೆಯುವ ಸ್ಪಂಜುಗಳು ರೋಗ ಹತ್ತಿ ಸಾಯತೊಡಗಿದವು. ದಡದವರ ನಿತ್ಯದ ಆಹಾರವಾದ ಓಮುಲ್ ಮೀನು ಕಡಿಮೆಯಾಗಿ, ೨೦೧೭ರಲ್ಲಿ ಅದನ್ನು ಹಿಡಿದು ಮಾರುವುದನ್ನು ಸರಕಾರ ನಿಷೇಧಿಸಿತು.

ಎಪಿಶುರಾ ಇನ್ನೂ ಸೋಸುತ್ತಿದೆ. ಎಷ್ಟು ಉಳಿದಿವೆಯೆಂದು ಹೇಳಬಲ್ಲವರಿದ್ದರೆ, ಅದು ಅಜ್ಜ, ಮಗಳು, ಮೊಮ್ಮಗಳು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಗಾಜಿನ ತಟ್ಟೆಯಲ್ಲಿ ಒಂದೊಂದನ್ನೇ ಎಣಿಸಿ ಬರೆದಿಟ್ಟದ್ದರಿಂದ.